ರಷ್ಯನ್ ಓದಲು ಹೊರಟ ಕನ್ನಡಿಗರಿಗೆ: ಅಕ್ಷರದಿಂದ ಅನುವಾದದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಪಿಯುಸಿ ಆದ ಮೇಲೆ ರಷ್ಯನ್ ಭಾಷೆ, ಸಾಹಿತ್ಯ ಓದುತ್ತೇನೆ ಅಂದರೆ ಮನೆಯಲ್ಲಿ ಬರುವ ಮೊದಲ ಪ್ರಶ್ನೆ ಗೊತ್ತೇ ಇದೆ: 'ಅದನ್ನು ಓದಿ ಏನು ಮಾಡ್ತೀಯಾ?' ಅದಕ್ಕೆ ಉತ್ತರ ಇದೆ, ಕೊನೆಗೆ ಬರುತ್ತೇನೆ. ಅದಕ್ಕಿಂತ ಮೊದಲು ಹೇಳಬೇಕಾದ ಮಾತು ಒಂದಿದೆ. ಕನ್ನಡಕ್ಕೆ ಬಂದ ರಷ್ಯನ್ ಸಾಹಿತ್ಯದಲ್ಲಿ ಹೆಚ್ಚಿನದು ಇಂಗ್ಲಿಷ್ ಮೂಲಕ ಬಂದದ್ದು. ನಾವು ರಷ್ಯನ್ ಕಲಿಯುವುದೂ ಸಾಮಾನ್ಯವಾಗಿ ಇಂಗ್ಲಿಷ್ ಮೂಲಕವೇ. ಆದರೆ ಈ ಭಾಷೆಯ ಎಷ್ಟೋ ಸಂಗತಿ ಇಂಗ್ಲಿಷಿಗಿಂತ ಕನ್ನಡಕ್ಕೇ ಹತ್ತಿರ. ಅದನ್ನು ಮೊದಲ ದಿನದಿಂದಲೇ ಬಳಸಿಕೊಂಡರೆ ಕಲಿಕೆ ಹಗುರವಾಗುತ್ತದೆ, ಮುಂದೆ ಅನುವಾದವೂ ಚೆನ್ನಾಗಿ ಬರುತ್ತದೆ. ಈ ಬರಹ ಪೂರ್ತಿ ಆ ದಾರಿಯಲ್ಲೇ ಸಾಗುತ್ತದೆ.

ಹಂತ 1: ಎಲ್ಲಿ ಓದುವುದು?

ಭಾರತದಲ್ಲಿ ಪದವಿ ಮಟ್ಟದಲ್ಲಿ ರಷ್ಯನ್ ಓದಲು ಮೊದಲು ನೆನಪಿಗೆ ಬರುವುದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ರಷ್ಯನ್ ಅಧ್ಯಯನ ಕೇಂದ್ರ. ಅಲ್ಲಿ ಬಿಎ ಆನರ್ಸ್ ಇದೆ. ಅಕ್ಷರದಿಂದಲೇ ಕಲಿಸುತ್ತಾರೆ, ಆದ್ದರಿಂದ ಮೊದಲೇ ರಷ್ಯನ್ ಬರಬೇಕಿಲ್ಲ. ಬಿಎಗೆ ಸೇರಲು ಸಿಯುಇಟಿ ಎಂಬ, ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ನಮಗೆ ಹತ್ತಿರದ್ದು ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಅಂದರೆ ಇಫ್ಲು. ದೆಹಲಿ ವಿಶ್ವವಿದ್ಯಾಲಯದಲ್ಲಿ ರಷ್ಯನ್ ಕಲಿಸುವುದು ಸ್ಲಾವೋನಿಕ್ ಮತ್ತು ಫಿನ್ನೋ-ಉಗ್ರಿಯನ್ ಅಧ್ಯಯನ ವಿಭಾಗ. ಮುಂಬೈ ಮತ್ತು ಪುಣೆ ವಿಶ್ವವಿದ್ಯಾಲಯಗಳಲ್ಲೂ ರಷ್ಯನ್ ಕಲಿಸುತ್ತಾರೆ. ಪ್ರವೇಶದ ನಿಯಮ ವರ್ಷವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡಿ. ಹಳೆಯ ವಿದ್ಯಾರ್ಥಿಗಳ ಬಾಯಿಮಾತು ನಂಬಿಕೊಂಡು ಕೂರಬೇಡಿ.

ಬೇರೆ ವಿಷಯದಲ್ಲಿ ಪದವಿ ಮಾಡುತ್ತಲೇ ರಷ್ಯನ್ ಕಲಿಯುವವರಿಗೆ ಸರ್ಟಿಫಿಕೇಟ್, ಡಿಪ್ಲೊಮಾ ಕೋರ್ಸುಗಳಿವೆ. ರಷ್ಯನ್ ಸರ್ಕಾರದ ಸಾಂಸ್ಕೃತಿಕ ಕೇಂದ್ರಗಳು, ಅಂದರೆ ರಷ್ಯನ್ ಹೌಸ್‌ಗಳು, ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ತಿರುವನಂತಪುರದಲ್ಲಿವೆ. ಕರ್ನಾಟಕದವರಿಗೆ ಚೆನ್ನೈಯದು ಅನುಕೂಲ. ನನ್ನ ಸಲಹೆ ಕೇಳಿದರೆ, ಮೂರೋ ನಾಲ್ಕೋ ವರ್ಷ ಇದಕ್ಕೆ ಕೊಡುವ ಮೊದಲು ಮೂರು ತಿಂಗಳು ಇಂಥ ಒಂದು ತರಗತಿಯಲ್ಲಿ ಕೂತು ನೋಡಿ. ಭಾಷೆ ಹಿಡಿಸುತ್ತದೋ ಇಲ್ಲವೋ ಅಷ್ಟರಲ್ಲಿ ಗೊತ್ತಾಗುತ್ತದೆ.

ಹಂತ 2: ತರಗತಿ ಶುರುವಾಗುವ ಮೊದಲೇ ಅಕ್ಷರ, ಉಚ್ಚಾರಣೆ

ರಷ್ಯನ್ ಅಕ್ಷರಮಾಲೆಯಲ್ಲಿ 33 ಅಕ್ಷರಗಳು. 10 ಸ್ವರ, 21 ವ್ಯಂಜನ, ಇನ್ನೆರಡು ಬರೀ ಚಿಹ್ನೆಗಳು. ಕಾಗುಣಿತ, ಒತ್ತಕ್ಷರ ಕಲಿತು ಬಂದ ನಮಗೆ ಇದು ಒಂದು ವಾರದ ಕೆಲಸ. ಅಚ್ಚಿನ ಅಕ್ಷರದ ಜೊತೆಗೆ ಕೈಬರಹದ ಕೂಡು ಅಕ್ಷರವನ್ನೂ ಆಗಲೇ ಕಲಿಯಿರಿ. ರಷ್ಯನ್ ಶಿಕ್ಷಕರು ಬೋರ್ಡಿನ ಮೇಲೆ ಬರೆಯುವುದು ಕೂಡು ಅಕ್ಷರದಲ್ಲೇ. ಅದರಲ್ಲಿ ಕೆಲವು ಅಕ್ಷರ ಅಚ್ಚಿನ ರೂಪಕ್ಕಿಂತ ಪೂರ್ತಿ ಬೇರೆಯಾಗಿ ಕಾಣುತ್ತವೆ. ಎರಡು ಗೆರೆಯ ಕಾಪಿ ಪುಸ್ತಕದಲ್ಲಿ ದಿನಕ್ಕೊಂದು ಪುಟ ಬರೆದರೆ ಸಾಕು.

ಉಚ್ಚಾರಣೆಯಲ್ಲಿ ನಮಗೆ ಒಂದು ದೊಡ್ಡ ಅನುಕೂಲ ಇದೆ. ರಷ್ಯನ್ನಿನ ತ, ದ ನಮ್ಮ ತ, ದ ಇದ್ದ ಹಾಗೆ ಹಲ್ಲಿನ ಹತ್ತಿರ ಹುಟ್ಟುತ್ತವೆ. ಇಂಗ್ಲಿಷ್ ಮೂಲಕ ಕಲಿತವರು ಅದನ್ನು ಟ, ಡ ಮಾಡಿಕೊಳ್ಳುತ್ತಾರೆ. 'ಸ್ಟೂಡೆಂಟ್' ಅನ್ನಬೇಡಿ, 'ಸ್ತುದ್ಯೆಂತ್' ಅನ್ನಿ. ಹಾಗೆಯೇ ಪ, ತ, ಕ ಹೇಳುವಾಗ ಗಾಳಿ ಊದಬಾರದು. ಅದೂ ನಮಗೆ ಸಹಜವಾಗಿ ಬರುತ್ತದೆ.

ಕಷ್ಟ ಇರುವುದು ಬೇರೆ ಕಡೆ. ಕನ್ನಡದ ನಾಲಿಗೆ ವ್ಯಂಜನದಲ್ಲಿ ಮಾತು ನಿಲ್ಲಿಸಲು ಒಪ್ಪುವುದಿಲ್ಲ. ಬಸ್ ಅನ್ನುವುದು ಬಸ್ಸು ಆಗುತ್ತದೆ, ಅಲ್ವಾ? ರಷ್ಯನ್ನಿನಲ್ಲಿ ಕೊನೆಗೆ ಉಕಾರ ಸೇರಿಸಿದರೆ ಅದು ಬೇರೆಯೇ ವಿಭಕ್ತಿ ಆಗಿಬಿಡಬಹುದು. 'ಸ್ತೋಲ್' ಅಂದರೆ ಮೇಜು, 'ಸ್ತಲೂ' ಅಂದರೆ ಮೇಜಿಗೆ. ಆದ್ದರಿಂದ ಕೊನೆಯ ವ್ಯಂಜನವನ್ನು ಕಡಿದು ನಿಲ್ಲಿಸುವುದನ್ನು ಗಟ್ಟಿಯಾಗಿ ಅಭ್ಯಾಸ ಮಾಡಿ. ಎರಡನೆಯದು ಗಟ್ಟಿ ಮತ್ತು ಮೃದು ವ್ಯಂಜನಗಳ ವ್ಯತ್ಯಾಸ. ಮೃದು ಎಂದರೆ ಯಕಾರದ ಛಾಯೆ ಬೆರೆತದ್ದು. 'ಬ್ರಾತ್' ಅನ್ನುವುದನ್ನು ಗಟ್ಟಿ ತಕಾರದಲ್ಲಿ ಹೇಳಿದರೆ ಅಣ್ಣ ಅಥವಾ ತಮ್ಮ, ಮೃದು ತಕಾರದಲ್ಲಿ ಹೇಳಿದರೆ ತೆಗೆದುಕೊಳ್ಳುವುದು. ಮೂರನೆಯದು ಒತ್ತು, ಅಂದರೆ ಪದದ ಒಂದು ಭಾಗವನ್ನು ಉಳಿದವಕ್ಕಿಂತ ಜೋರಾಗಿ ಹೇಳುವುದು; ನಮ್ಮ ಒತ್ತಕ್ಷರ ಅಲ್ಲ. ಯಾವ ಅಕ್ಷರದ ಮೇಲೆ ಒತ್ತು ಬೀಳುತ್ತದೆ ಎಂಬುದಕ್ಕೆ ಸುಲಭದ ನಿಯಮ ಇಲ್ಲ. 'ಜ಼ಮೋಕ್' ಎಂದರೆ ಬೀಗ, ಅದನ್ನೇ 'ಜ಼ಾಮಕ್' ಎಂದು ಮೊದಲಿಗೆ ಒತ್ತಿದರೆ ಕೋಟೆಮನೆ. ಒತ್ತು ಬೀಳದ ಒಕಾರ ಅಕಾರದ ಹಾಗೆ ಕೇಳುತ್ತದೆ. ಬರೆಯುವುದು 'ಮೊಲೊಕೊ', ಹೇಳುವುದು 'ಮಲಕೋ', ಅರ್ಥ ಹಾಲು. ಹೊಸ ಪದ ಬರೆದುಕೊಳ್ಳುವಾಗ ಒತ್ತಿನ ಗುರುತು ಹಾಕದೆ ಒಂದನ್ನೂ ಬರೆಯಬೇಡಿ.

ಹಂತ 3: ವ್ಯಾಕರಣವನ್ನು ಕನ್ನಡದ ಕಣ್ಣಿನಿಂದ ನೋಡುವುದು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮೊದಲ ವರ್ಷದಲ್ಲಿ ಜನ ಬಿಟ್ಟು ಹೋಗುವುದು ಇದೇ ಜಾಗದಲ್ಲಿ.

ಇಂಗ್ಲಿಷ್ ಪುಸ್ತಕ ತೆರೆದರೆ 'ರಷ್ಯನ್ನಿನಲ್ಲಿ ಆರು ವಿಭಕ್ತಿಗಳು' ಎಂದು ಹೆದರಿಸುವ ಹಾಗೆ ಬರೆದಿರುತ್ತದೆ. ಮರವನ್ನು, ಮರದಿಂದ, ಮರಕ್ಕೆ, ಮರದ, ಮರದಲ್ಲಿ ಎಂದು ದಿನವೂ ಮಾತಾಡುವ ನಮಗೆ ಇದರಲ್ಲಿ ಹೊಸತೇನೂ ಇಲ್ಲ. ಪ್ರತ್ಯಯ ಕೊನೆಯಲ್ಲಿ ಬರುತ್ತದೆ, ಪದಗಳ ಜಾಗ ಅದಲು ಬದಲಾದರೂ ಅರ್ಥ ಕೆಡುವುದಿಲ್ಲ. ಈ ಎರಡೂ ನಮಗೆ ಹುಟ್ಟಿನಿಂದ ಗೊತ್ತು. ನಿಜವಾಗಿ ಕಷ್ಟ ಕೊಡುವುದು ಲಿಂಗ. ಕನ್ನಡದಲ್ಲಿ ಮೇಜು, ಪುಸ್ತಕ, ಕಿಟಕಿ ಎಲ್ಲ ನಪುಂಸಕ. ರಷ್ಯನ್ನಿನಲ್ಲಿ ಮೇಜು ಗಂಡು, ಪುಸ್ತಕ ಹೆಣ್ಣು, ಕಿಟಕಿ ಮಾತ್ರ ನಪುಂಸಕ. ಒಂದೊಂದು ಲಿಂಗಕ್ಕೂ ವಿಭಕ್ತಿ ಪ್ರತ್ಯಯ ಬೇರೆ, ವಿಶೇಷಣವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಅದಕ್ಕೇ ವಿಭಕ್ತಿ ಪಟ್ಟಿಯನ್ನು ಸುಮ್ನೆ ಉರು ಹೊಡೆಯಬೇಡಿ. ಒಂದು ವಿಶೇಷಣ ಮತ್ತು ಒಂದು ನಾಮಪದ ಸೇರಿಸಿ, 'ಹೊಸ ಪುಸ್ತಕ', 'ಹೊಸ ಮೇಜು' ಎಂದು ಜೋಡಿಯಾಗಿ ಆರೂ ವಿಭಕ್ತಿಗಳಲ್ಲಿ ವಾಕ್ಯ ಮಾಡಿ.

ವಾಕ್ಯದ ವಿಚಾರಕ್ಕೆ ಬಂದರೆ ಕೆಲವು ಕಡೆ ಹೋಲಿಕೆ ಕಂಡು ಖುಷಿಯಾಗುತ್ತದೆ. 'ಯಾ ಸ್ತುದ್ಯೆಂತ್': ನಾನು ವಿದ್ಯಾರ್ಥಿ. ನಡುವೆ ಕ್ರಿಯಾಪದ ಬೇಡ. 'ಮ್ನ್ಯೆ ಹೋಲದ್ನ': ನನಗೆ ಚಳಿ. ವಯಸ್ಸು ಹೇಳುವುದೂ 'ನನಗೆ 20 ವರ್ಷ' ಎಂದೇ. 'ಉ ಮಿನ್ಯಾ ಯೆಸ್ತ್ ಕ್ನೀಗ': ನನ್ನ ಹತ್ತಿರ ಪುಸ್ತಕ ಇದೆ. 'ತಿಮ್ನ್ಯೇಯೆತ್': ಕತ್ತಲಾಗುತ್ತಿದೆ. ಇಂಗ್ಲಿಷಿನಲ್ಲಿ ಯೋಚಿಸಿದರೆ ಇವೆಲ್ಲ ವಿಚಿತ್ರ ಅನ್ನಿಸುತ್ತವೆ, ಕನ್ನಡದಲ್ಲಿ ಯೋಚಿಸಿದರೆ ನೇರವಾಗಿ ಕೂರುತ್ತವೆ. ಮುಂದೆ ಎರಡನೆಯ ವರ್ಷದಲ್ಲಿ ಕೃದಂತಗಳು ಬರುತ್ತವೆ. 'ಓದುತ್ತಿರುವ ಹುಡುಗ' ಎಂಬ ನಮ್ಮ ರಚನೆಗೆ ರಷ್ಯನ್ನಿನಲ್ಲಿ ಒಂದೇ ಪದದ ರೂಪ ಇದೆ. 'ಪತ್ರ ಓದಿ ಹೊರಗೆ ಹೋದ' ಎಂಬಲ್ಲಿನ 'ಓದಿ'ಗೂ ಇದೆ. ಉದ್ದ ವಾಕ್ಯ ಬಿಡಿಸುವಾಗ ಈ ಎರಡು ರೂಪ ಗುರುತು ಹಿಡಿದರೆ ಅರ್ಧ ಕೆಲಸ ಆದಂತೆ.

ಕ್ರಿಯಾಪದದ ಎರಡು ಮುಖಗಳಿಗೆ ಮಾತ್ರ ತಾಳ್ಮೆ ಬೇಕು. ಬಹುಪಾಲು ಕ್ರಿಯಾಪದಗಳಿಗೆ ಜೋಡಿ ಇದೆ: ಕೆಲಸ ನಡೆಯುತ್ತಿತ್ತು ಅಥವಾ ಆಗಾಗ ನಡೆಯುತ್ತಿತ್ತು ಎನ್ನಲು ಒಂದು, ಮುಗಿಯಿತು ಎನ್ನಲು ಇನ್ನೊಂದು. 'ಚಿತಾಲ್' ಎಂದರೆ ಓದುತ್ತಿದ್ದ, ಓದಿದ್ದ. 'ಪ್ರಚಿತಾಲ್' ಎಂದರೆ ಓದಿ ಮುಗಿಸಿದ. ನಮ್ಮ 'ಓದಿಬಿಟ್ಟ', 'ತಿಂದುಹಾಕಿದ' ಎಂಬ ಜೋಡುಕ್ರಿಯೆಗಳು ಈ ಅರ್ಥದ ಹತ್ತಿರ ಬರುತ್ತವೆ, ಪೂರ್ತಿ ಒಂದೇ ಅಲ್ಲ. ಕ್ರಿಯಾಪದವನ್ನು ಯಾವಾಗಲೂ ಜೋಡಿಯಾಗಿಯೇ ಕಲಿಯಿರಿ. ಚಲನೆಯ ಕ್ರಿಯಾಪದಗಳೂ ಹೀಗೆಯೇ. ನಾವು 'ಹೋಗು' ಎಂಬ ಒಂದೇ ಪದದಲ್ಲಿ ಮುಗಿಸುವುದನ್ನು ಅವರು ನಡೆದು ಹೋಗುವುದೋ, ವಾಹನದಲ್ಲಿ ಹೋಗುವುದೋ, ಈಗ ಒಂದು ದಿಕ್ಕಿಗೋ, ಹೋಗಿ ಬರುವುದೋ ಎಂದು ವಿಂಗಡಿಸುತ್ತಾರೆ. ಇದಕ್ಕೆ ಅಡ್ಡದಾರಿ ಇಲ್ಲ. ದಿನಾ ಸಂಜೆ ನೀವು ಎಲ್ಲೆಲ್ಲಿಗೆ ಹೇಗೆ ಹೋದಿರಿ ಎಂದು ಐದು ವಾಕ್ಯ ರಷ್ಯನ್ನಿನಲ್ಲಿ ಬರೆಯಿರಿ. ಒಂದು ಸೆಮಿಸ್ಟರ್ ಹೊತ್ತಿಗೆ ಅಭ್ಯಾಸ ಆಗುತ್ತದೆ.

ಹಂತ 4: ಪುಸ್ತಕ, ಸಾಧನ, ಪರೀಕ್ಷೆಯ ಮಟ್ಟ

ಪಠ್ಯಪುಸ್ತಕ ನಿಮ್ಮ ವಿಭಾಗವೇ ಹೇಳುತ್ತದೆ. ಜೊತೆಗೆ ಎರಡು ಜಾಲತಾಣ ಸದಾ ತೆರೆದಿರಲಿ. ಗ್ರಾಮತ ಡಾಟ್ ಆರ್‌ಯು (gramota.ru) ಎಂಬಲ್ಲಿ ಕಾಗುಣಿತ, ಒತ್ತು, ನಿಘಂಟು ಸಿಗುತ್ತದೆ. ರಷ್ಯನ್ ಭಾಷೆಯ ರಾಷ್ಟ್ರೀಯ ಪಠ್ಯಕೋಶ 2004ರಿಂದ ಅಂತರ್ಜಾಲದಲ್ಲಿದೆ. ಒಂದು ಪದವನ್ನು ನಿಜವಾದ ಲೇಖಕರು ಎಲ್ಲೆಲ್ಲಿ ಹೇಗೆ ಬಳಸಿದ್ದಾರೆ ಎಂದು ಅದರಲ್ಲಿ ಹುಡುಕಬಹುದು. ಕಿವಿ ತಯಾರಾಗಲು ಮಾಸ್ಕೋದ ಮಾಸ್‌ಫಿಲ್ಮ್ ಚಲನಚಿತ್ರ ಸಂಸ್ಥೆ ತನ್ನ ಹಳೆಯ ಚಿತ್ರಗಳನ್ನು ಯೂಟ್ಯೂಬಿನಲ್ಲಿ ಉಚಿತವಾಗಿ ಹಾಕಿದೆ. ಮೊದಲ ಸಲ ಸಬ್‌ಟೈಟಲ್ ಜೊತೆ, ಎರಡನೆಯ ಸಲ ಇಲ್ಲದೆ ನೋಡಿ.

ವಿದೇಶಿಯರ ರಷ್ಯನ್ ಮಟ್ಟ ಅಳೆಯುವ ಅಧಿಕೃತ ಪರೀಕ್ಷೆಗೆ ತೆರ್ಕಿ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಟಾರ್ಫಲ್. ವ್ಯಾಕರಣ ಮತ್ತು ಪದಗಳು, ಓದು, ಕೇಳು, ಬರಹ, ಮಾತು ಎಂದು ಐದು ಭಾಗ. ಆರಂಭಿಕ ಮಟ್ಟಕ್ಕೆ ಸುಮಾರು 780 ಪದ, ಅದರ ಮೇಲಿನದಕ್ಕೆ 1,300, 'ಮೊದಲ ಮಟ್ಟ' ಎನ್ನುವ, ಯುರೋಪಿನ ಅಳತೆಯಲ್ಲಿ ಬಿ1 ಆಗುವ ಮಟ್ಟಕ್ಕೆ 2,300 ಪದ ಗೊತ್ತಿರಬೇಕು. ರಷ್ಯಾದಲ್ಲಿ ರಷ್ಯನ್ ಮಾಧ್ಯಮದ ಪದವಿಗೆ ಸೇರಲು ಸಾಮಾನ್ಯವಾಗಿ ಈ ಮೊದಲ ಮಟ್ಟ ಬೇಕಾಗುತ್ತದೆ. ಮೊದಲ ವರ್ಷದ ಕೊನೆಗೆ 1,300ರ ಮಟ್ಟ ಇಟ್ಟುಕೊಂಡರೆ ಒಳ್ಳೆಯ ಗುರಿ.

ಹಂತ 5: ಸಾಹಿತ್ಯಕ್ಕೆ ಇಳಿಯುವುದು

ದೊಡ್ಡ ಕಾದಂಬರಿಯಿಂದ ಶುರು ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ಬೇಡ. ಟಾಲ್‌ಸ್ಟಾಯ್ ತಮ್ಮ ಊರಾದ ಯಾಸ್ನಯ ಪೊಲ್ಯಾನದಲ್ಲಿ ರೈತರ ಮಕ್ಕಳಿಗೆ ಶಾಲೆ ನಡೆಸಿದವರು. ಮಕ್ಕಳ ಓದಿಗೆ ಅಂತಲೇ 1872ರಲ್ಲಿ ಒಂದು ಅಕ್ಷರಮಾಲೆ ಪುಸ್ತಕ ತಂದರು. ಅದರ ಪುಟ್ಟ ಕಥೆಗಳಲ್ಲಿ ವಾಕ್ಯ ಚಿಕ್ಕದು, ಭಾಷೆ ಶುದ್ಧ. ಎರಡನೆಯ ಸೆಮಿಸ್ಟರಿನಲ್ಲೇ ಓದಬಹುದು. ಅದಾದ ಮೇಲೆ ಚೆಕಾಫ್‌ನ ಆರಂಭದ ಕಥೆಗಳು. ಎರಡು ಮೂರು ಪುಟದಲ್ಲಿ ಮುಗಿಯುತ್ತವೆ, ಸಂಭಾಷಣೆ ಹೆಚ್ಚು. ಮೂರನೆಯದಾಗಿ ಪುಷ್ಕಿನ್‌ನ ಗದ್ಯ. ಕಾವ್ಯವನ್ನು ಬಾಯಿಪಾಠ ಮಾಡಿ. ರಷ್ಯಾದ ಶಾಲೆಗಳಲ್ಲಿ ಮಕ್ಕಳು ಪದ್ಯ ಕಂಠಪಾಠ ಒಪ್ಪಿಸುತ್ತಾರೆ. ಒತ್ತು ನಾಲಿಗೆಗೆ ಕೂರಲು ಇದಕ್ಕಿಂತ ಒಳ್ಳೆ ದಾರಿ ನಾನು ಕಂಡಿಲ್ಲ.

ಹೆಸರುಗಳು ಮೊದಲು ತಲೆ ಕೆಡಿಸುತ್ತವೆ. ಒಬ್ಬರಿಗೆ ಮೂರು ಭಾಗದ ಹೆಸರು: ತಮ್ಮದು, ತಂದೆಯ ಹೆಸರಿನಿಂದ ಬಂದದ್ದು, ಮನೆತನದ್ದು. ಗೌರವದಿಂದ ಕರೆಯುವಾಗ ಮೊದಲ ಎರಡನ್ನು ಸೇರಿಸಿ ಕರೆಯುತ್ತಾರೆ. ನಿಮ್ಮ ರಷ್ಯನ್ ಶಿಕ್ಷಕರನ್ನೂ ಹಾಗೆಯೇ ಕರೆಯಬೇಕು. ಇದಲ್ಲದೆ ಮುದ್ದಿನ ಹೆಸರುಗಳು: ಅಲೆಕ್ಸಾಂದರ್ ಸಾಷ ಆಗುತ್ತಾನೆ, ದ್ಮಿತ್ರಿ ಮಿತ್ಯ ಅಥವಾ ದೀಮ ಆಗುತ್ತಾನೆ. ಪುಸ್ತಕದ ಮೊದಲ ಪುಟದಲ್ಲಿ ಪಾತ್ರಗಳ ಪಟ್ಟಿ ಬರೆದಿಟ್ಟುಕೊಂಡು ಓದಿ.

ಹಂತ 6: ಕಥೆಯ ಹಿಂದಿನ ಸಮಾಜ

ಸಂಸ್ಕೃತಿ ಎಂದರೆ ಬೊಂಬೆ, ಸಮೋವರ್ ಎಂಬ ಚಹಾ ಪಾತ್ರೆ ಎಂದುಕೊಂಡರೆ ಸಾಹಿತ್ಯ ಅರ್ಥ ಆಗುವುದಿಲ್ಲ. ಉದಾಹರಣೆಗೆ, ಪೀಟರ್ ದೊರೆ 1722ರಲ್ಲಿ ಸರ್ಕಾರಿ ನೌಕರಿಯನ್ನು 14 ದರ್ಜೆಗಳಾಗಿ ಕಟ್ಟಿದ. ಗೊಗೊಲ್, ದಸ್ತಯೆವ್ಸ್ಕಿ, ಚೆಕಾಫ್ ಅವರ ಗುಮಾಸ್ತರು ಒಂದೊಂದು ದರ್ಜೆಗೆ ಸೇರಿದವರು. ಒಂಬತ್ತನೆಯ ದರ್ಜೆಯವನು ಮೂರನೆಯ ದರ್ಜೆಯವನ ಮುಂದೆ ಯಾಕೆ ನಡುಗುತ್ತಾನೆ ಎಂದು ತಿಳಿಯಲು ಆ ಪಟ್ಟಿ ಬೇಕು. ಜೀತದ ರೈತರಿಗೆ ಬಿಡುಗಡೆ ಸಿಕ್ಕಿದ್ದು 1861ರಲ್ಲಿ. ಕಥೆ ಅದಕ್ಕಿಂತ ಮುಂಚಿನದೋ ನಂತರದ್ದೋ ನೋಡಿಕೊಳ್ಳಿ. 1918ರ ತನಕ ಅಲ್ಲಿ ಈಗಿನದಕ್ಕಿಂತ ಕೆಲವು ದಿನ ಹಿಂದಿದ್ದ ಹಳೆಯ ಕ್ಯಾಲೆಂಡರ್ ಇತ್ತು. ಅದಕ್ಕೇ ಅಕ್ಟೋಬರ್ ಕ್ರಾಂತಿಯ ದಿನ ಈಗ ನವೆಂಬರ್ 7ಕ್ಕೆ ಬೀಳುತ್ತದೆ. ಅದೇ ವರ್ಷ ಕಾಗುಣಿತವೂ ಬದಲಾಯಿತು, ಆದ್ದರಿಂದ ಹಳೆಯ ಮುದ್ರಣಗಳಲ್ಲಿ ಗೊತ್ತಿಲ್ಲದ ಅಕ್ಷರ ಕಂಡರೆ ಗಾಬರಿಯಾಗಬೇಡಿ.

ಸಂಶೋಧನೆ ಪ್ರಬಂಧಕ್ಕೆ ವಿಷಯ ಹುಡುಕುವಾಗ ನಮ್ಮ ನೆಲದ ಕಡೆಗೂ ನೋಡಿ. ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ 15ನೇ ಶತಮಾನದಲ್ಲಿ ಬಹಮನಿಗಳ ಬೀದರಿಗೆ ಬಂದಿದ್ದ. ಅಲ್ಲಿ ಕಂಡದ್ದನ್ನು ಬರೆದಿಟ್ಟ. ಹಳೆಯ ರಷ್ಯನ್ನಿನ ಆ ಬರಹವನ್ನು ಬೀದರ್ ಗೊತ್ತಿರುವ ಓದುಗರು ಓದಿದರೆ ಬೇರೆಯವರಿಗೆ ಕಾಣದ್ದು ಕಾಣಬಹುದು. ರಷ್ಯನ್ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಬೆಂಗಳೂರಿನ ಹತ್ತಿರ ತಾತಗುಣಿಯಲ್ಲಿ ಪತ್ನಿ, ಚಿತ್ರನಟಿ ದೇವಿಕಾ ರಾಣಿಯವರೊಂದಿಗೆ ಬದುಕಿದ್ದರು. ಸೋವಿಯತ್ ಕಾಲದಲ್ಲಿ ಮಾಸ್ಕೋದಿಂದ ಬಂದ ಕನ್ನಡ ಪುಸ್ತಕಗಳು ಹಳೆ ಪುಸ್ತಕದಂಗಡಿಗಳಲ್ಲಿ ಇನ್ನೂ ಸಿಗುತ್ತವೆ. ಅವುಗಳ ಅನುವಾದದ ಬಗ್ಗೆ ಕೂತು ಕೆಲಸ ಮಾಡುವವರು ಬೇಕಾಗಿದ್ದಾರೆ.

ಹಂತ 7: ರಷ್ಯಾದಲ್ಲಿ ಓದುವುದಾದರೆ

ರಷ್ಯನ್ ಸರ್ಕಾರ ಪ್ರತಿ ವರ್ಷ ವಿದೇಶಿ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದ ಸೀಟುಗಳನ್ನು ಕೊಡುತ್ತದೆ. ಅರ್ಜಿ ಆನ್‌ಲೈನಿನಲ್ಲಿ, ಆಯ್ಕೆ ರಷ್ಯನ್ ಹೌಸ್‌ಗಳ ಮೂಲಕ. ಸಿಗುವ ಸ್ಟೈಪೆಂಡ್ ಚಿಕ್ಕದು. ವಿಮಾನದ ಖರ್ಚು, ವಿಮೆ, ಊಟ ನಿಮ್ಮದೇ. ಭಾಷೆ ಬಾರದವರು ಮೊದಲ ವರ್ಷ ಪೂರ್ವಸಿದ್ಧತಾ ವಿಭಾಗದಲ್ಲಿ ಕಳೆಯುತ್ತಾರೆ. ಅದನ್ನು ಎಲ್ಲರೂ 'ಪೊದ್‌ಫಾಕ್' ಅನ್ನುತ್ತಾರೆ. ಭಾಷೆಗೆ ಅಂತಲೇ ಇರುವ ಸಂಸ್ಥೆ ಮಾಸ್ಕೋದ ಪುಷ್ಕಿನ್ ರಷ್ಯನ್ ಭಾಷಾ ಸಂಸ್ಥೆ, 1966ರಲ್ಲಿ ಶುರುವಾದದ್ದು. ಸಾಹಿತ್ಯದ ಅನುವಾದವನ್ನೇ ಕಲಿಯಬೇಕು ಅನ್ನುವವರಿಗೆ ಮಾಸ್ಕೋದ ಗೋರ್ಕಿ ಸಾಹಿತ್ಯ ಸಂಸ್ಥೆ ಇದೆ. ಇವಲ್ಲದೆ ಸೇಂಟ್ ಪೀಟರ್ಸ್‌ಬರ್ಗ್, ಕಜಾನ್, ತೋಮ್ಸ್ಕ್‌ಗಳಲ್ಲಿ ಹಳೆಯ ವಿಶ್ವವಿದ್ಯಾಲಯಗಳಿವೆ. ಭಾರತೀಯರ ಗುಂಪು ಚಿಕ್ಕದಿರುವ ಊರನ್ನು ಆರಿಸಿಕೊಂಡರೆ ರಷ್ಯನ್ ಬೇಗ ಬರುತ್ತದೆ.

ಪರೀಕ್ಷೆಯ ಪದ್ಧತಿ ನಮ್ಮದಕ್ಕಿಂತ ಬೇರೆ. ಬಹಳಷ್ಟು ಪರೀಕ್ಷೆ ಬಾಯಿಮಾತಿನಲ್ಲಿ ನಡೆಯುತ್ತದೆ. ಮೇಜಿನ ಮೇಲಿನ ಚೀಟಿಗಳಲ್ಲಿ ಒಂದನ್ನು ಎತ್ತಿ, ಸ್ವಲ್ಪ ಹೊತ್ತು ತಯಾರಾಗಿ, ಪ್ರಾಧ್ಯಾಪಕರ ಎದುರು ಕೂತು ಉತ್ತರ ಹೇಳಬೇಕು. ಅಂಕ ಐದರವರೆಗೆ, ಎರಡು ಬಂದರೆ ಫೇಲು. ಬರೆದು ಪಾಸಾಗುವುದನ್ನೇ ರೂಢಿ ಮಾಡಿಕೊಂಡ ನಾವು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಬೇಕು.

ಹೊರಡುವ ಮೊದಲು ಎರಡು ಎಚ್ಚರಿಕೆ. 2022ರ ಮಾರ್ಚ್‌ನಿಂದ ಭಾರತದ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು ರಷ್ಯಾದಲ್ಲಿ ನಡೆಯುವುದಿಲ್ಲ. ಹಣದ ವ್ಯವಸ್ಥೆಯನ್ನು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಎರಡನೆಯದು ಇನ್ನೂ ಗಂಭೀರ. ಉಕ್ರೇನ್ ಯುದ್ಧದ ಈ ಕಾಲದಲ್ಲಿ ಏಜೆಂಟರ ಮಾತು ನಂಬಿ ಹೋದ ಕೆಲವು ಭಾರತೀಯರು ಸೇನೆಯ ಕೆಲಸಕ್ಕೆ ಸಿಕ್ಕಿಹಾಕಿಕೊಂಡರು, ಕೆಲವರು ಪ್ರಾಣವನ್ನೂ ಕಳೆದುಕೊಂಡರು. ಭಾರತ ಸರ್ಕಾರ ಇದರ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದೆ. ಓದಲು ಹೋದವರು ಓದಿನ ವೀಸಾದಲ್ಲೇ ಇರಿ, ಅರ್ಥವಾಗದ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ರಾಯಭಾರ ಕಚೇರಿಯ ಸೂಚನೆಗಳನ್ನು ಓದುತ್ತಿರಿ. ಮನಸ್ಸು ಒಪ್ಪದಿದ್ದರೆ ಇಲ್ಲೇ ಎಂಎ ಮಾಡಬಹುದು, ಅದರಿಂದ ಕಲಿಕೆಗೆ ಕೊರತೆಯಾಗುವುದಿಲ್ಲ.

ಹಂತ 8: ಅನುವಾದ

ನನ್ನ ಮಟ್ಟಿಗೆ ಇಡೀ ಓದಿನ ಸಾರ್ಥಕತೆ ಇಲ್ಲಿದೆ. ನೇರ ಅನುವಾದದಿಂದ ಏನು ಉಳಿಯುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ರಷ್ಯನ್ನಿನಲ್ಲಿ 'ತಿ' ಎಂದರೆ ನೀನು, 'ವಿ' ಎಂದರೆ ನೀವು. ಪ್ರೇಮಿಗಳು ನೀವಿನಿಂದ ನೀನಿಗೆ ಬರುವ ಗಳಿಗೆಯಲ್ಲೇ ಕಥೆ ತಿರುಗಬಹುದು. ಸಿಟ್ಟು ಬಂದವರು ನೀನಿನಿಂದ ನೀವಿಗೆ ಜಾರಬಹುದು. ಇಂಗ್ಲಿಷಿನಲ್ಲಿ ಇದು ಅಳಿಸಿ ಹೋಗಿರುತ್ತದೆ. ಅಲ್ಲಿಂದ ಕನ್ನಡಕ್ಕೆ ತರುವವರು ಎಲ್ಲಿ ನೀನು, ಎಲ್ಲಿ ನೀವು ಎಂದು ಊಹಿಸಬೇಕಾಗುತ್ತದೆ. ಸಂಬಂಧದ ಮಾತುಗಳೂ ಹಾಗೆಯೇ. ಗಂಡನ ತಾಯಿಗೆ ಒಂದು ಪದ, ಹೆಂಡತಿಯ ತಾಯಿಗೆ ಇನ್ನೊಂದು. ಗಂಡನ ತಮ್ಮ, ಹೆಂಡತಿಯ ತಮ್ಮ, ಗಂಡನ ತಂಗಿ, ಎಲ್ಲಕ್ಕೂ ಬೇರೆ ಬೇರೆ ಪದಗಳಿವೆ. ಮೈದುನ, ಭಾವಮೈದುನ, ನಾದಿನಿ ಇರುವ ಕನ್ನಡಕ್ಕೆ ಅವು ಸಲೀಸಾಗಿ ಬರುತ್ತವೆ.

ಅಭ್ಯಾಸ ಹೀಗೆ ಮಾಡಿ. ಚೆಕಾಫ್‌ನ ಒಂದು ಪುಟ ತೆಗೆದುಕೊಳ್ಳಿ. ಮೊದಲು ಗಟ್ಟಿಯಾಗಿ ಎರಡು ಸಲ ಓದಿ. ನಿಘಂಟು ನೋಡುವುದೆಲ್ಲ ಮುಗಿಸಿದ ಮೇಲೆ ಮೂಲ ಮುಚ್ಚಿಟ್ಟು ಕನ್ನಡದಲ್ಲಿ ಕಥೆ ಹೇಳುವ ಹಾಗೆ ಬರೆಯಿರಿ. ಆಮೇಲೆ ಮೂಲ ತೆರೆದು ವಾಕ್ಯ ವಾಕ್ಯ ತಿದ್ದಿ. ಇಂಗ್ಲಿಷ್ ಅನುವಾದವನ್ನು ಕೊನೆಯಲ್ಲಿ, ಅರ್ಥ ತಪ್ಪಿದೆಯೇ ಎಂದು ನೋಡಲಷ್ಟೇ ತೆರೆಯಿರಿ. ಮೊದಲೇ ನೋಡಿದರೆ ಅದರ ವಾಕ್ಯ ನಿಮ್ಮ ಕನ್ನಡದೊಳಗೆ ಬಂದು ಕೂರುತ್ತದೆ.

ಕೆಲವು ತೀರ್ಮಾನ ನೀವೇ ಮಾಡಬೇಕು. 'ಪ್ಯೇಚ್' ಎಂಬುದನ್ನು ಸುಮ್ನೆ ಒಲೆ ಎಂದು ಬರೆದರೆ, ಮುದುಕ ಒಲೆಯ ಮೇಲೆ ಮಲಗಿದ್ದ ಎಂಬ ವಾಕ್ಯ ಓದಿ ಓದುಗರು ಬೆಚ್ಚಿಬೀಳುತ್ತಾರೆ. ಅದು ಇಟ್ಟಿಗೆಯಲ್ಲಿ ಕಟ್ಟಿದ, ಮನೆಯ ಒಂದು ಮೂಲೆಯನ್ನೇ ತುಂಬುವ ಒಲೆ. ಮೇಲೆ ಜನ ಬೆಚ್ಚಗೆ ಮಲಗುತ್ತಿದ್ದರು. ಮೊದಲ ಸಲ ಬಂದಾಗ ವಾಕ್ಯದೊಳಗೇ ಎರಡು ಪದ ಸೇರಿಸಿ ಬಿಡಿಸಿ ಹೇಳಿ. ಅಡಿಟಿಪ್ಪಣಿ ಕಡಿಮೆ ಇದ್ದಷ್ಟೂ ಒಳ್ಳೆಯದು. ರಷ್ಯನ್ ರೈತರ ಮಾತನ್ನು ಧಾರವಾಡದ ಅಥವಾ ಕುಂದಾಪುರದ ಕನ್ನಡಕ್ಕೆ ತರಬೇಕೇ ಎಂದು ತುಂಬ ಜನ ಕೇಳುತ್ತಾರೆ. ಪೂರ್ತಿ ಒಂದು ಊರಿನ ಮಾತು ಹಾಕಿದರೆ ಪಾತ್ರ ಆ ಊರಿಗೇ ಹೋಗಿಬಿಡುತ್ತದೆ. ಯಾವ ಊರಿಗೂ ಸೇರದ ಆಡುಮಾತು ಸಾಕು ಎಂಬುದು ನನ್ನ ಅಭಿಪ್ರಾಯ. ಹೆಸರುಗಳಲ್ಲಿ ರೂಢಿಗೆ ಬಂದದ್ದನ್ನು ಹಾಗೆಯೇ ಬಿಡಿ, ಹೊಸದನ್ನು ರಷ್ಯನ್ ಉಚ್ಚಾರಣೆಯಂತೆ ಬರೆಯಿರಿ.

ಹಂತ 9: ಓದಿ ಏನು ಮಾಡುವುದು?

ಮನೆಯವರ ಪ್ರಶ್ನೆಗೆ ಬರೋಣ. ಕಲಿಸುವ ಕೆಲಸ, ವಿದೇಶಾಂಗ ಮತ್ತು ರಕ್ಷಣಾ ಇಲಾಖೆಗಳ ಭಾಷಾ ಕೆಲಸ, ಗೋವಾಕ್ಕೆ ಬರುವ ರಷ್ಯನ್ ಪ್ರವಾಸಿಗಳ ವ್ಯವಹಾರ, ತಾಂತ್ರಿಕ ಅನುವಾದ, ಇವು ಮುಖ್ಯ ದಾರಿಗಳು. ಕೂಡಂಕುಳಂ ಅಣು ಸ್ಥಾವರ, ಸುಖೋಯ್ ವಿಮಾನ, ಗಗನಯಾತ್ರಿಗಳ ತರಬೇತಿ, ಇವೆಲ್ಲ ರಷ್ಯಾ ಜೊತೆಗಿನ ಕೆಲಸಗಳೇ. ಇಂಥ ಕಡೆ ದುಭಾಷಿ, ಅನುವಾದಕರು ಬೇಕು. ಸಾಧಾರಣ ಪತ್ರ ವ್ಯವಹಾರವನ್ನು ಈಗ ಯಂತ್ರ ಅನುವಾದಿಸುತ್ತದೆ. ಅದಕ್ಕೇ ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು, ಇವುಗಳಲ್ಲಿ ಒಂದರ ಪರಿಭಾಷೆಯನ್ನು ಓದುವಾಗಲೇ ಗಟ್ಟಿ ಮಾಡಿಕೊಳ್ಳಿ. ಯಂತ್ರದ ತಪ್ಪು ಹಿಡಿಯುವವರಿಗೆ ಕೆಲಸ ಇರುತ್ತದೆ.

ಸಾಹಿತ್ಯದ ಅನುವಾದದಿಂದ ಮಾತ್ರವೇ ಜೀವನ ನಡೆಸುವುದು ಕಷ್ಟ. ಅದನ್ನು ಬೇರೊಂದು ಉದ್ಯೋಗದ ಜೊತೆಗೆ ಇಟ್ಟುಕೊಳ್ಳಬೇಕು. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಕೃತಿಯ ಹಕ್ಕು ಮುಕ್ತ. 1904ರಲ್ಲಿ ತೀರಿಕೊಂಡ ಚೆಕಾಫ್, 1910ರಲ್ಲಿ ತೀರಿಕೊಂಡ ಟಾಲ್‌ಸ್ಟಾಯ್ ಅವರನ್ನು ಅನುವಾದಿಸಲು ಯಾರ ಅನುಮತಿಯೂ ಬೇಡ. ಈಗಿನ ಲೇಖಕರಾದರೆ ಹಕ್ಕುದಾರರ ಒಪ್ಪಿಗೆ ಪತ್ರ ಮೊದಲು ಪಡೆಯಿರಿ. ಮಾಸ್ಕೋದಲ್ಲಿ 2011ರಲ್ಲಿ ಶುರುವಾದ ಸಾಹಿತ್ಯಾನುವಾದ ಸಂಸ್ಥೆ ರಷ್ಯನ್ ಕೃತಿಗಳ ಅನುವಾದಕ್ಕೆ ವಿದೇಶಿ ಪ್ರಕಾಶಕರಿಗೆ ನೆರವು ಕೊಡುತ್ತದೆ. ಅರ್ಜಿಯನ್ನು ಪ್ರಕಾಶಕರೇ ಹಾಕಬೇಕು, ಆದ್ದರಿಂದ ನಿಮಗೆ ಮೊದಲು ಒಬ್ಬ ಕನ್ನಡ ಪ್ರಕಾಶಕರು ಬೇಕು. ಶುರುವಿಗೆ ಒಂದು ಸಣ್ಣಕಥೆ ಅನುವಾದಿಸಿ ಮಾಸಪತ್ರಿಕೆಗೋ ವಿಶೇಷಾಂಕಕ್ಕೋ ಕಳಿಸಿ. ಜೊತೆಗಿನ ಪತ್ರದಲ್ಲಿ ಮೂಲ ರಷ್ಯನ್ನಿನಿಂದ ಮಾಡಿದ್ದು ಎಂದು ಬರೆಯಿರಿ, ಮೂಲದ ಪ್ರತಿಯನ್ನೂ ಲಗತ್ತಿಸಿ. ಅಂಥ ನಾಲ್ಕೈದು ಕಥೆ ಪ್ರಕಟವಾದ ಮೇಲೆ ಪುಸ್ತಕದ ಮಾತು ಎತ್ತಬಹುದು.